ಹೊಸಮನೆಯವರು ಎಲ್ಲೆಲ್ಲಿಗೆ ಹೋದರು? ಕಾರ್ನಿಷ್ ಮನೆತನದ ವಲಸೆ ಕವಲುಗಳನ್ನು ಹುಡುಕುವ ಬಗೆ

ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಇದ್ದರು. ಟೀಚರ್ ಆಗಿದ್ದು ರಿಟೈರ್ ಆದವರು. ಒಂದು ದಿನ ತಗಡಿನ ಪೆಟ್ಟಿಗೆಯಿಂದ ಹಳೆಯ ಬೈಬಲ್ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ನಮ್ಮ ಮುತ್ತಾತ ಇಂಗ್ಲೆಂಡಿನಿಂದ ಬಂದವರಂತೆ. ಯಾವ ಊರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಕಂಪ್ಯೂಟರ್ ನೋಡ್ತೀಯಲ್ಲ, ಹುಡುಕಿ ಕೊಡು ಮಗಾ" ಅಂದರು.

ಮೊದಲ ಪುಟದಲ್ಲಿ ಹೆಸರುಗಳ ಪಟ್ಟಿ ಇತ್ತು, ಊರಿನ ಹೆಸರು ಇರಲಿಲ್ಲ. ರಟ್ಟಿನ ಒಳಗಡೆ ಮಾತ್ರ ಒಂದು ಚೀಟಿ ಅಂಟಿಸಿತ್ತು. ಒಂದು ಮೂಲೆ ಹುಳ ತಿಂದಿತ್ತು. ಸಂಡೇ ಸ್ಕೂಲಿಗೆ ತಪ್ಪದೆ ಬಂದ ಹುಡುಗನಿಗೆ ಬಹುಮಾನ ಎಂದು ಅಚ್ಚಾಗಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಚಾಪೆಲ್‌ನ, ಅಂದರೆ ಸಣ್ಣ ಪ್ರಾರ್ಥನಾಮಂದಿರದ, ಊರು: ಟಕಿಂಗ್‌ಮಿಲ್. ಅದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ, ಕ್ಯಾಂಬೋರ್ನ್ ಎಂಬ ಗಣಿ ಪಟ್ಟಣದ ಪಕ್ಕದ ಹಳ್ಳಿ. ನೂರು ವರ್ಷ ಆ ಮನೆಯಲ್ಲಿದ್ದ ಉತ್ತರ ಆ ಚೀಟಿಯಲ್ಲಿತ್ತು.

ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆ.ಜಿ.ಎಫ್.ನ ಹಳೆಯ ಮನೆತನಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೆಲ್ಬರ್ನ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡಿಗರ ಮನೆಗಳಿಗೂ ಈಗ ಇಂಥ ಹೆಸರಿನ ಸೊಸೆ, ಅಳಿಯ ಬಂದಿದ್ದಾರೆ. ಮೊಮ್ಮಕ್ಕಳು ಕೇಳಿದರೆ ಹೇಳಬೇಕಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಡ್ಡಹೆಸರಿನ ಹಿಂದೆ ಓಡಬೇಡಿ. ಊರು, ಗಣಿ, ಚಾಪೆಲ್, ತಾಯಿಯ ತವರಿನ ಹೆಸರು, ಈ ನಾಲ್ಕನ್ನು ಗಟ್ಟಿಯಾಗಿ ಹಿಡಿಯಿರಿ.

ಹೆಸರನ್ನು ಬಿಡಿಸಿ ನೋಡಿ

ಆಂಟಿಯ ಮನೆತನದ ಹೆಸರು ಇಲ್ಲಿ ಬೇಡ. ಅದರ ಬದಲು ‘ಚೆನೊವೆತ್’ ಎಂಬ ಹೆಸರನ್ನು ಇಟ್ಟುಕೊಂಡು ಹೇಳುತ್ತೇನೆ. ಕಾರ್ನ್‌ವಾಲ್‌ಗೆ ಇಂಗ್ಲಿಷಿಗಿಂತ ಬೇರೆಯದೇ ಒಂದು ಭಾಷೆ ಇತ್ತು. ಅದು ವೆಲ್ಷ್ ಮತ್ತು ಬ್ರೆಟನ್ ಭಾಷೆಗಳ ನಂಟು. ಆ ಕಾರ್ನಿಷ್ ಭಾಷೆಯಲ್ಲಿ ‘ಚೈ’ ಅಂದರೆ ಮನೆ, ‘ನೊವೆತ್’ ಅಂದರೆ ಹೊಸದು. ಚೆನೊವೆತ್ ಅಂದರೆ ನಮ್ಮ ಹೊಸಮನೆ! ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹೊಸಮನೆ ಎಂಬ ಹೆಸರಿನವರು ಎಷ್ಟು ಜನ ಇದ್ದಾರೆ ಯೋಚಿಸಿ. ಶಿರಸಿಯ ಹೊಸಮನೆಯವರಿಗೂ ಪುತ್ತೂರಿನ ಹೊಸಮನೆಯವರಿಗೂ ನಂಟು ಇರಲೇಬೇಕು ಅಂತ ನಾವು ಹೇಳುವುದಿಲ್ಲ. ಯಾರು ಎಲ್ಲಿ ಹೊಸ ಮನೆ ಕಟ್ಟಿದರೋ ಅಲ್ಲಿ ಆ ಹೆಸರು ಹುಟ್ಟಿತು. ಕಾರ್ನ್‌ವಾಲ್‌ನಲ್ಲೂ ಹಾಗೇ ಆಯಿತು.

"ಟ್ರೆ, ಪೋಲ್, ಪೆನ್ ಇದ್ದರೆ ಅವರು ಕಾರ್ನಿಷ್" ಎಂಬ ಅರ್ಥದ ಹಳೆಯ ಹೇಳಿಕೆ ಅಲ್ಲಿದೆ. ಟ್ರೆ ಅಂದರೆ ಹೊಲದ ಮನೆ, ಪೋಲ್ ಅಂದರೆ ಕೊಳ, ಪೆನ್ ಅಂದರೆ ತುದಿ ಅಥವಾ ತಲೆ. ಟ್ರೆವಿಥಿಕ್, ಪೋಲ್ಕಿಂಗ್‌ಹಾರ್ನ್, ಪೆನ್‌ರೋಸ್ ಎಲ್ಲ ಜಾಗದ ಹೆಸರಿನಿಂದ ಬಂದವು. ಕಸುಬಿನಿಂದ ಬಂದದ್ದೂ ಇದೆ. ಆಂಗೋವ್ ಅಂದರೆ ಕಮ್ಮಾರ.

ಹೆಸರು ಜಾಗದಿಂದ ಬಂದದ್ದಾದರೆ ಎರಡು ತೊಡಕು ಇದ್ದೇ ಇರುತ್ತವೆ. ಒಂದು, ಒಂದೇ ಹೆಸರು ಹಲವು ಬೇರುಗಳಿಂದ ಚಿಗುರಿರುತ್ತದೆ. ಎರಡು, ಹಳೆಯ ಕಾಲದಲ್ಲಿ ಮನೆ ಬದಲಾದರೆ ಹೆಸರೂ ಬದಲಾಗುತ್ತಿತ್ತು. 16, 17ನೇ ಶತಮಾನಗಳ ರಿಜಿಸ್ಟರ್‌ಗಳಲ್ಲಿ ಒಬ್ಬನಿಗೇ ಎರಡು ಅಡ್ಡಹೆಸರು ಬರೆದು ನಡುವೆ ‘ಅಲಿಯಾಸ್’ ಎಂದು ಹಾಕಿರುವುದು ಕಾಣುತ್ತದೆ. ಅಲ್ಲಿ ಹುಡುಕುತ್ತಿರುವ ಹೆಸರು ಇದ್ದಕ್ಕಿದ್ದಂತೆ ಮಾಯವಾದರೆ ಮನೆತನ ಅಳಿಯಿತು ಅಂದುಕೊಳ್ಳಬೇಡಿ. ಆ ಎರಡನೇ ಹೆಸರನ್ನೂ ಹುಡುಕಿ.

ಇನ್ನು ಅಕ್ಷರ. ಪಾದ್ರಿ, ಹಡಗಿನ ಗುಮಾಸ್ತ, ಜನಗಣತಿಯವನು ಎಲ್ಲರೂ ಕಿವಿಗೆ ಬಿದ್ದಂತೆ ಬರೆದರು. ಚೆನೊವೆತ್, ಚೈನೊವೆತ್, ಚಿನೊವೆತ್, ಚೆನೊವಿತ್ ಎಲ್ಲವೂ ಒಂದೇ ಮನೆಯವರಾಗಿರಬಹುದು. ಅಣ್ಣನ ಹೆಸರಲ್ಲಿ ‘ಇ’ ಅಕ್ಷರ, ತಮ್ಮನ ಹೆಸರಲ್ಲಿ ‘ವೈ’ ಅಕ್ಷರ ಇರುವುದು ಸಾಮಾನ್ಯ. ಸರ್ಚ್ ಮಾಡುವಾಗ ಮೊದಲ ಎರಡು ಮತ್ತು ಕೊನೆಯ ಎರಡು ಅಕ್ಷರ ಉಳಿಸಿಕೊಂಡು ನಡುವೆ ನಕ್ಷತ್ರದ ಗುರುತು * ಹಾಕಿ. ಬಹುತೇಕ ತಾಣಗಳು ಇದನ್ನು ಒಪ್ಪುತ್ತವೆ. ನೀವು ಕಂಡ ಬರಹರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ.

ಮನೆಯ ಪೆಟ್ಟಿಗೆಯಿಂದ ಶುರು

ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ. "ಮುತ್ತಾತನ ಹೆಸರೇನು" ಅಂತ ನೇರವಾಗಿ ಕೇಳಿದರೆ "ನೆನಪಿಲ್ಲ" ಅನ್ನುತ್ತಾರೆ. "ಹಬ್ಬಕ್ಕೆ ಏನು ಮಾಡುತ್ತಿದ್ದರು, ಯಾವ ಚರ್ಚಿಗೆ ಹೋಗುತ್ತಿದ್ದರು, ಕಾಗದ ಯಾವ ದೇಶದಿಂದ ಬರುತ್ತಿತ್ತು" ಅಂತ ಕೇಳಿ. ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ಮಾಡುತ್ತಿದ್ದರು ಅಂದರೆ ಕಿವಿ ನಿಮಿರಬೇಕು. ಕೇಸರಿ ಹಾಕಿದ ಬನ್ ಅಂದರೆ ಇನ್ನೂ ಜಾಸ್ತಿ. ಅವು ಕಾರ್ನ್‌ವಾಲ್‌ನ ಅಡುಗೆ.

ಆಮೇಲೆ ವಸ್ತುಗಳು. ಬೈಬಲ್, ಬಹುಮಾನದ ಪುಸ್ತಕ, ಫೋಟೋದ ಹಿಂಬದಿಯ ಸ್ಟುಡಿಯೋ ಮುದ್ರೆ, ಗಣಿಯಿಂದ ಸಿಕ್ಕ ಗಡಿಯಾರ, ಫ್ರೀಮೇಸನ್‌ನಂಥ ಸಂಘದ ಲಾಡ್ಜ್ ಬ್ಯಾಡ್ಜ್. ಪ್ರತಿಯೊಂದನ್ನೂ ಮುಂದೆ, ಹಿಂದೆ ಎರಡೂ ಕಡೆ ಫೋಟೋ ತೆಗೆಯಿರಿ. ಸ್ಟುಡಿಯೋ ಮುದ್ರೆಯಲ್ಲಿ ರೆಡ್ರೂತ್, ಪೆನ್‌ಜಾನ್ಸ್‌ನಂಥ ಕಾರ್ನ್‌ವಾಲ್‌ನ ಊರಿನ ಹೆಸರಿದ್ದರೆ ನಿಮ್ಮ ಅರ್ಧ ಕೆಲಸ ಆಯಿತು.

ಮಕ್ಕಳ ನಡುಹೆಸರನ್ನು ಸುಮ್ನೆ ದಾಟಿಹೋಗಬೇಡಿ. ಕಾರ್ನಿಷ್ ಮನೆಗಳಲ್ಲಿ ತಾಯಿಯ ಅಥವಾ ಅಜ್ಜಿಯ ತವರಿನ ಅಡ್ಡಹೆಸರನ್ನು ಮಗುವಿನ ನಡುಹೆಸರಾಗಿ ಇಡುವುದು ವಾಡಿಕೆಯಾಗಿತ್ತು. ಜಾನ್ ಟ್ರೆಝೈಸ್ ಚೆನೊವೆತ್ ಎಂಬ ಹೆಸರು ಸಿಕ್ಕರೆ, ಹಿಂದಿನ ತಲೆಮಾರುಗಳಲ್ಲಿ ಎಲ್ಲೋ ಒಬ್ಬ ಟ್ರೆಝೈಸ್ ಮನೆಯ ಹೆಣ್ಣುಮಗಳು ಇರುವ ಸಾಧ್ಯತೆ ಬಹಳ. ವಿಲಿಯಂ, ಜಾನ್, ಥಾಮಸ್, ರಿಚರ್ಡ್‌ಗಳಿಂದ ತುಂಬಿದ ಊರಿನಲ್ಲಿ ನಿಮ್ಮವರನ್ನು ಬೇರೆ ಮಾಡಿ ತೋರಿಸುವುದು ಆ ಹೆಂಗಸಿನ ಹೆಸರೇ.

ಕಾರ್ನ್‌ವಾಲ್‌ನ ದಾಖಲೆಗಳು

ವಿದೇಶದ ದಾಖಲೆಗಳಲ್ಲಿ ಎಷ್ಟೋ ಸಲ ಹುಟ್ಟಿದ ಜಾಗ ‘ಇಂಗ್ಲೆಂಡ್’ ಎಂದಷ್ಟೇ ಇರುತ್ತದೆ. ಇದು ಎಲ್ಲರೂ ಮುಗ್ಗರಿಸುವ ಜಾಗ. ಪ್ಯಾರಿಷ್, ಅಂದರೆ ಚರ್ಚಿಗೆ ಸೇರಿದ ಊರಿನ ಹೆಸರು, ಸಿಗುವ ತನಕ ಕಾರ್ನ್‌ವಾಲ್‌ನ ರಿಜಿಸ್ಟರ್‌ಗಳಿಗೆ ಕೈ ಹಾಕಬೇಡಿ. ಹಾಕಿದರೆ ನಾಲ್ಕು ಜನ ವಿಲಿಯಂ ಸಿಗುತ್ತಾರೆ. ಅವರಲ್ಲಿ ನಿಮ್ಮವನು ಯಾರು ಎಂದು ಹೇಳಲು ಆಧಾರವೇ ಇರುವುದಿಲ್ಲ.

ಊರು ಸಿಕ್ಕ ಮೇಲೆ ದಾರಿ ಸಲೀಸು. ಚರ್ಚ್ ರಿಜಿಸ್ಟರ್‌ಗಳು 1538ರಿಂದ ಶುರುವಾಗುತ್ತವೆ. ಎಲ್ಲ ಊರಿನವೂ ಅಷ್ಟು ಹಿಂದಿನಿಂದ ಉಳಿದಿಲ್ಲ. ಹುಟ್ಟು, ಮದುವೆ, ಸಾವಿನ ಸರಕಾರಿ ನೋಂದಣಿ 1837ರ ಜುಲೈ 1ರಿಂದ. ಜನಗಣತಿಯಲ್ಲಿ ನಮಗೆ ಬೇಕಾದದ್ದು 1841ರಿಂದ 1921ರವರೆಗೆ, ಹತ್ತು ವರ್ಷಕ್ಕೊಮ್ಮೆ. 1841ರದ್ದನ್ನು ನೋಡುವಾಗ ಹುಷಾರು. ಅದರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 34 ವರ್ಷದವನು 30 ಆಗಿರುತ್ತಾನೆ. ಹುಟ್ಟಿದ ಊರೂ ಇರುವುದಿಲ್ಲ. 1851ರಿಂದ ಊರಿನ ಹೆಸರು ಬರುತ್ತದೆ.

ಎಲ್ಲಿ ಹುಡುಕಬೇಕು? ನಾನು ಶುರು ಮಾಡುವುದು ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ದತ್ತಾಂಶದಿಂದ. ಸ್ವಯಂಸೇವಕರು ಒಂದೊಂದು ಊರಿನ ರಿಜಿಸ್ಟರ್ ಹಿಡಿದು, ಹಳೆಯ ಕೈಬರಹ ಓದಿ, ಟೈಪ್ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣವೂ ಉಚಿತ. 1837ರ ಈಚಿನ ಹುಟ್ಟಿಗೆ ಇಂಗ್ಲೆಂಡಿನ ಜನರಲ್ ರಿಜಿಸ್ಟರ್ ಆಫೀಸಿನ ಸೂಚಿ ನೋಡಿ. ಅದರಲ್ಲಿ ಮೊದಲ ವರ್ಷದಿಂದಲೇ ತಾಯಿಯ ತವರಿನ ಹೆಸರು ಇದೆ. ಫ್ರೀಬಿಎಂಡಿ ಎಂಬ ಉಚಿತ ತಾಣದ ಸೂಚಿಯಲ್ಲಿ ಅದು 1911ರ ನಡುವಿನಿಂದ ಮಾತ್ರ. ಇಷ್ಟು ತಿಳಿದಿದ್ದರೆ ಬಹಳ ಸಮಯ ಉಳಿಯುತ್ತದೆ. ಇನ್ನೊಂದು ವಿಷಯ: ಸೂಚಿಯಲ್ಲಿ ‘ರೆಡ್ರೂತ್’ ಎಂದು ಕಂಡರೆ ಅದು ನೋಂದಣಿ ಜಿಲ್ಲೆಯ ಹೆಸರು. ಕ್ಯಾಂಬೋರ್ನ್, ಇಲ್ಲೋಗನ್, ಗ್ವೆನಪ್ ಎಲ್ಲ ಅದರೊಳಗೇ ಬರುತ್ತವೆ.

ಮಗುವಿನ ಹೆಸರು ಊರಿನ ಚರ್ಚಿನಲ್ಲಿ ಸಿಗಲಿಲ್ಲವೇ? ಚಾಪೆಲ್‌ಗೆ ಹೋಗಿ. ಕಾರ್ನ್‌ವಾಲ್‌ನ ಗಣಿಗಾರರಲ್ಲಿ ಮೆಥಡಿಸ್ಟರು, ಅಂದರೆ ಜಾನ್ ವೆಸ್ಲಿಯ ಪಂಥದವರು, ಬಹಳ. ವೆಸ್ಲಿ ಗ್ವೆನಪ್‌ನ ತಗ್ಗಿನಲ್ಲಿ ಸಾವಿರಾರು ಗಣಿಗಾರರಿಗೆ ಬೋಧನೆ ಮಾಡಿದ ನಾಡು ಅದು. ಮಕ್ಕಳ ದೀಕ್ಷಾಸ್ನಾನ ಎಷ್ಟೋ ಸಲ ಚಾಪೆಲ್‌ನಲ್ಲೇ ಆಗುತ್ತಿತ್ತು. ಮೆಥಡಿಸ್ಟ್ ರಿಜಿಸ್ಟರ್ ‘ಸರ್ಕಿಟ್’, ಅಂದರೆ ಹಲವು ಚಾಪೆಲ್‌ಗಳ ಗುಂಪಿನ, ಲೆಕ್ಕದಲ್ಲಿ ಇರುತ್ತದೆ. ಒಂದು ಪುಸ್ತಕದಲ್ಲಿ ಹತ್ತು ಹಳ್ಳಿಯ ಮಕ್ಕಳಿರಬಹುದು. ಆದ್ದರಿಂದ ಹಳ್ಳಿಯ ಹೆಸರಿನ ಜೊತೆಗೆ ಸರ್ಕಿಟ್ ಹೆಸರಿನಲ್ಲೂ ಹುಡುಕಿ.

ಮೂಲ ಪುಸ್ತಕಗಳು ರೆಡ್ರೂತ್‌ನ ಕ್ರೆಸೆನ್ ಕೆರ್ನೋದಲ್ಲಿವೆ. ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ 2019ರಲ್ಲಿ ತೆರೆದ ದಾಖಲೆ ಭವನ ಇದು. ಗಣಿಗಳ ಕಾಗದಪತ್ರ, ನಕ್ಷೆ, ಉಯಿಲು ಎಲ್ಲ ಅಲ್ಲಿ ಸಿಗುತ್ತವೆ. 1942ರ ಬಾಂಬ್ ದಾಳಿಯಲ್ಲಿ ಪಕ್ಕದ ಡೆವನ್‌ನ ಎಕ್ಸೆಟರ್ ನಗರದಲ್ಲಿದ್ದ ಉಯಿಲುಗಳು ಸುಟ್ಟುಹೋದವು. ಕಾರ್ನ್‌ವಾಲ್‌ನ ಆರ್ಚ್‌ಡೀಕನ್ ಎಂಬ ಚರ್ಚ್ ಅಧಿಕಾರಿಯ ಕೋರ್ಟಿನ ಉಯಿಲುಗಳು ಉಳಿದುಕೊಂಡಿವೆ. ನಮ್ಮ ಪುಣ್ಯ.

ಒಂದು ಜನಗಣತಿ ಪುಟವನ್ನು ಓದುವ ಬಗೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1881ರ ಒಂದು ಪುಟದಲ್ಲಿ ಹೀಗೊಂದು ಮನೆ ಇದೆ ಎಂದು ಇಟ್ಟುಕೊಳ್ಳಿ. ಮನೆಯ ಯಜಮಾನರ ಕಾಲಂನಲ್ಲಿ ಒಬ್ಬ ಹೆಂಗಸು, ವಯಸ್ಸು 36. ವಿಧವೆ ಎಂದಿಲ್ಲ, ‘ಮದುವೆಯಾಗಿದೆ’ ಎಂದಿದೆ. ಕಸುಬಿನ ಕಾಲಂನಲ್ಲಿ ‘ಗಣಿಗಾರನ ಹೆಂಡತಿ’. ಮಕ್ಕಳು ನಾಲ್ವರು. ದೊಡ್ಡ ಮಗ 14 ವರ್ಷ, ಹುಟ್ಟಿದ್ದು ಕ್ಯಾಂಬೋರ್ನ್. ಮಗಳು 10, ಹುಟ್ಟಿದ್ದು ಅಮೆರಿಕದ ಮಿಷಿಗನ್. ಇನ್ನೊಬ್ಬಳು 8, ಅವಳೂ ಮಿಷಿಗನ್. ಕೊನೆಯವನು 3, ಮತ್ತೆ ಕ್ಯಾಂಬೋರ್ನ್.

ಈಗ ಈ ನಾಲ್ಕು ಮಕ್ಕಳ ಸಾಲನ್ನು ಮೇಲಿಂದ ಕೆಳಗೆ ಓದಿ. 1867ರ ಸುಮಾರಿಗೆ ಗಂಡ ಹೆಂಡತಿ ಊರಲ್ಲಿದ್ದರು. 1871ರ ಹೊತ್ತಿಗೆ ಮಿಷಿಗನ್‌ನ ತಾಮ್ರದ ಗಣಿಯ ಹತ್ತಿರ. 1878ಕ್ಕೆ ವಾಪಸ್. ಈಗ ಗಂಡ ಮತ್ತೆ ಹೊರಗೆ ಹೋಗಿದ್ದಾನೆ, ಬಹುಶಃ ಈ ಸಲ ಒಬ್ಬನೇ. ಒಂದೇ ಪುಟ ಅಟ್ಲಾಂಟಿಕ್ ಸಾಗರವನ್ನು ಮೂರು ಸಲ ದಾಟಿತು! ಅಮೆರಿಕದ 1870ರ ಜನಗಣತಿಯಲ್ಲಿ ಅವರನ್ನು ಹುಡುಕಬೇಕು, 1880ರದ್ದರಲ್ಲಿ ಗಂಡನನ್ನು ಒಬ್ಬನೇ ಹುಡುಕಬೇಕು ಎಂಬುದೂ ಇದರಿಂದಲೇ ಗೊತ್ತಾಯಿತು.

ಹೋದವರೆಲ್ಲ ಅಲ್ಲೇ ಉಳಿದರು ಎಂದು ಎಂದೂ ಅಂದುಕೊಳ್ಳಬೇಡಿ. ಹಬೆ ಹಡಗು ಬಂದ ಮೇಲೆ ಗಣಿಗಾರರು ಹೋಗಿ ಬಂದು ಮಾಡುತ್ತಿದ್ದರು. ಆಫ್ರಿಕಾದಿಂದ ಹಣ ಬರುತ್ತಿತ್ತು, ಊರಲ್ಲಿ ಹೆಂಡತಿ ಮನೆ ನಡೆಸುತ್ತಿದ್ದಳು. ಗಲ್ಫ್‌ಗೆ ಹೋದವರ ಮನೆಗಳನ್ನು ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗಿನ ಪಟ್ಟಿಗಳಲ್ಲೂ ಎರಡು ದಿಕ್ಕಿನವು ಇವೆ. ಬ್ರಿಟನ್ ಬಿಟ್ಟವರ ಪಟ್ಟಿ 1890ರಿಂದ 1960ರವರೆಗೆ, ಒಳಗೆ ಬಂದವರದ್ದು 1878ರಿಂದ. ಬಹಳ ಜನ ಮೊದಲನೆಯದನ್ನು ಮಾತ್ರ ನೋಡಿ ಬಿಡುತ್ತಾರೆ.

ಅದಿರಿನ ಜಾಡು

ಕಾರ್ನ್‌ವಾಲ್‌ನಿಂದ ಹೊರಟವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಇತಿಹಾಸಕಾರರ ಅಂದಾಜು. ಅಷ್ಟು ಸಣ್ಣ ನಾಡಿಗೆ ಇದು ಭಾರಿ ಸಂಖ್ಯೆ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂತು. 1866ರಲ್ಲಿ ತಾಮ್ರದ ಬೆಲೆ ಕುಸಿಯಿತು, ಗಣಿಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ತವರದ ಸರದಿ. ಗಟ್ಟಿ ಬಂಡೆ ಕೊರೆಯುವ ಕೆಲಸ ಬಲ್ಲವರು ಜಗತ್ತಿನ ಎಲ್ಲ ಕಡೆ ಬೇಕಾಗಿದ್ದರು. ಇನ್ನೊಬ್ಬ ಕೆಲಸಗಾರ ಬೇಕು ಅಂದರೆ "ನಮ್ಮ ಕಸಿನ್ ಜ್ಯಾಕ್ ಇದ್ದಾನೆ, ಕರೆಸುತ್ತೇನೆ" ಅನ್ನುತ್ತಿದ್ದರಂತೆ. ಅದಕ್ಕೇ ಅವರಿಗೆ ಎಲ್ಲ ದೇಶದಲ್ಲೂ ‘ಕಸಿನ್ ಜ್ಯಾಕ್’ ಎಂಬ ಹೆಸರು ಬಿತ್ತು ಎಂಬ ಕತೆ ಇದೆ.

ಈ ಕತೆಯಲ್ಲಿ ಹುಡುಕುವವರಿಗೆ ಒಂದು ಸುಳಿವಿದೆ. ಅವರು ಒಬ್ಬೊಬ್ಬರಾಗಿ ಹೋಗಲಿಲ್ಲ. ಊರಿನವರ ಹಿಂದೆ ಊರಿನವರು ಹೋದರು. ನಿಮ್ಮವನ ಊರು ಸಿಗದಿದ್ದರೆ ಅವನ ಪಕ್ಕದ ಮನೆಯವರ, ಒಂದೇ ಕೋಣೆಯಲ್ಲಿ ಇದ್ದವರ, ಮದುವೆಗೆ ಸಾಕ್ಷಿ ಹಾಕಿದವರ ಊರು ಹುಡುಕಿ.

ಒಂದು ಕೋಷ್ಟಕ ಮಾಡಿಕೊಳ್ಳಿ, ವರ್ಷ ಮತ್ತು ಗಣಿ. 1825ರಿಂದ ಮೆಕ್ಸಿಕೋದ ರಿಯಲ್ ದೆಲ್ ಮೊಂಟೆ ಬೆಳ್ಳಿ. 1830ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಮಿನರಲ್ ಪಾಯಿಂಟ್ ಸೀಸ, 1840ರ ದಶಕದಿಂದ ಮಿಷಿಗನ್ ತಾಮ್ರ, 1849ರಿಂದ ಕ್ಯಾಲಿಫೋರ್ನಿಯಾ ಚಿನ್ನ, ಅದರಲ್ಲೂ ಗ್ರಾಸ್ ವ್ಯಾಲಿ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1840ರ ದಶಕದ ಕಪುಂಡಾ ಮತ್ತು ಬರ್ರಾ, 1861ರ ಮೂಂಟಾ. ಆಸ್ಟ್ರೇಲಿಯಾದ್ದೇ ಆದ ವಿಕ್ಟೋರಿಯಾ ರಾಜ್ಯದ ಚಿನ್ನ 1851ರಿಂದ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ 1886ರಿಂದ. ನಿಮ್ಮವನು ಯಾವ ವರ್ಷ ಕಾರ್ನ್‌ವಾಲ್‌ನಲ್ಲಿ ಕಾಣೆಯಾದನೋ ಆಗ ಯಾವ ಗಣಿ ಜನರನ್ನು ಕರೆಯುತ್ತಿತ್ತು ನೋಡಿ. ಬರ್ರಾ ಗಣಿ 1877ರಲ್ಲಿ ನಿಂತಿತು, ಮೂಂಟಾ 1923ರಲ್ಲಿ. ಅಲ್ಲಿಂದಾಚೆಗೆ ಬ್ರೋಕನ್ ಹಿಲ್, ಕಾಲ್ಗೂರ್ಲಿ ಕಡೆ ಹುಡುಕಬೇಕು.

ಗಣಿಗಿಂತ ಮೊದಲೇ ಹೋದ ಕವಲುಗಳೂ ಇವೆ, ಅವನ್ನು ಬೆರೆಸಬೇಡಿ. ಚೆನೊವೆತ್ ಹೆಸರಿನ ಒಂದು ಕವಲು 18ನೇ ಶತಮಾನದ ಮೊದಲ ಭಾಗದಲ್ಲೇ ಮೇರಿಲ್ಯಾಂಡ್, ವರ್ಜೀನಿಯಾ ಕಡೆ ನೆಲೆಸಿತ್ತು. ಪಶ್ಚಿಮ ವರ್ಜೀನಿಯಾದ ಫಿಲಿಪ್ಪಿಯಲ್ಲಿ 1852ರಲ್ಲಿ ಪ್ರಸಿದ್ಧವಾದ ಮರದ ಸೇತುವೆ ಕಟ್ಟಿದ ಲೆಮುಯೆಲ್ ಚೆನೊವೆತ್ ಅಂಥ ಹಳೆಯ ಅಮೆರಿಕನ್ ಮನೆತನದವನು. ಗ್ರಾಸ್ ವ್ಯಾಲಿಯ ಗಣಿಗಾರ ಚೆನೊವೆತ್‌ನನ್ನು ಇವನ ಮರದ ಕೊಂಬೆಗೆ ಸಿಕ್ಕಿಸಿದರೆ ನೂರೈವತ್ತು ವರ್ಷ ತಪ್ಪಿಹೋಗುತ್ತದೆ. ಆನ್‌ಲೈನ್ ವಂಶವೃಕ್ಷಗಳಲ್ಲಿ ಇಂಥ ಜೋಡಣೆಗಳು ಬೇಕಾದಷ್ಟಿವೆ. ಹೆಸರು ಒಂದೇ ಆದ ಮಾತ್ರಕ್ಕೆ ನಕಲು ಮಾಡಿಕೊಳ್ಳಬೇಡಿ, ದಯವಿಟ್ಟು.

ದೇಶಕ್ಕೊಂದು ದಾರಿ

ಆಸ್ಟ್ರೇಲಿಯಾದಲ್ಲಿ ಹಳೆಯ ಜನಗಣತಿಯ ಮನೆಮನೆ ಹಾಳೆಗಳು ಹೆಚ್ಚುಕಡಿಮೆ ಉಳಿದಿಲ್ಲ. ಅದರ ಕೊರತೆಯನ್ನು ಟ್ರೋವ್ ತುಂಬುತ್ತದೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಇಟ್ಟಿದೆ. ಮೂಂಟಾದ ಪತ್ರಿಕೆಯ ನಿಧನ ವಾರ್ತೆಯಲ್ಲಿ "ಇಂಥ ಹಳ್ಳಿಯವರು, ಇಂಥ ಹಡಗಿನಲ್ಲಿ ಬಂದವರು" ಎಂದು ಇರುವುದುಂಟು. ವಿಕ್ಟೋರಿಯಾದ ಮರಣಪತ್ರ 1853ರಿಂದಲೇ ಬಂಗಾರದಂಥ ದಾಖಲೆ. ತಂದೆ ತಾಯಿಯ ಹೆಸರು, ಹುಟ್ಟಿದ ಊರು, ಮದುವೆ, ಮಕ್ಕಳು, ಬಂದು ಎಷ್ಟು ವರ್ಷವಾಯಿತು ಎಲ್ಲ ಕೇಳಿ ಬರೆದಿದ್ದಾರೆ. ದಕ್ಷಿಣ ಆಸ್ಟ್ರೇಲಿಯಾದ ಹಳೆಯದರಲ್ಲಿ ಅಷ್ಟಿಲ್ಲ. ಹಾಗಾಗಿ ಮೂಂಟಾದವನ ಅಣ್ಣನೋ ತಂಗಿಯೋ ವಿಕ್ಟೋರಿಯಾದ ಬೆಂಡಿಗೋದಲ್ಲಿ ತೀರಿಕೊಂಡಿದ್ದರೆ ಅವರ ಪತ್ರ ತರಿಸಿ. ತಂದೆ ತಾಯಿ ಇಬ್ಬರಿಗೂ ಒಂದೇ ಅಲ್ವಾ! ನ್ಯೂಜಿಲೆಂಡ್‌ಗೆ ಪೇಪರ್ಸ್ ಪಾಸ್ಟ್ ಎಂಬ ಹಳೆಯ ಪತ್ರಿಕೆಗಳ ತಾಣ ಇದೆ, ಅದೂ ಉಚಿತ.

ಅಮೆರಿಕದಲ್ಲಿ ಜನಗಣತಿಯೇ ಬೆನ್ನೆಲುಬು. 1850ರಿಂದ ಪ್ರತಿಯೊಬ್ಬರ ಹೆಸರು, 1880ರಿಂದ ತಂದೆ ತಾಯಿ ಹುಟ್ಟಿದ ದೇಶ, 1900ರಿಂದ ವಲಸೆ ಬಂದ ವರ್ಷ. 1890ರದ್ದು ಬಹುಪಾಲು ಬೆಂಕಿಯಲ್ಲಿ ಹಾಳಾಯಿತು, ಆ ಇಪ್ಪತ್ತು ವರ್ಷದ ಕಂದಕವನ್ನು ಪತ್ರಿಕೆ ಮತ್ತು ಊರಿನ ಡೈರೆಕ್ಟರಿಗಳಿಂದ ದಾಟಬೇಕು. ಪೌರತ್ವದ ಅರ್ಜಿಯನ್ನೂ ಬಿಡಬೇಡಿ, 1906ರ ಈಚಿನವುಗಳಲ್ಲಿ ಹುಟ್ಟಿದ ಊರು ಸಿಗುತ್ತದೆ.

ಮೆಕ್ಸಿಕೋದಲ್ಲಿ ಹುಡುಕುವುದು ನನಗೆ ಬಲು ಇಷ್ಟ. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಅಡ್ಡಹೆಸರಿನ ಜೊತೆ ತಾಯಿಯದ್ದೂ ಬರುತ್ತದೆ. ಬೇರೆ ದೇಶದಲ್ಲಿ ವರ್ಷಗಟ್ಟಲೆ ಹುಡುಕಬೇಕಾದ ತವರಿನ ಹೆಸರು ಇಲ್ಲಿ ಮಗುವಿನ ಹೆಸರಿನಲ್ಲೇ ಕೂತಿರುತ್ತದೆ. ವಿಲಿಯಂ ಗಿಯೆರ್ಮೋ ಆಗಿರುತ್ತಾನೆ, ಜಾನ್ ಹುವಾನ್ ಆಗಿರುತ್ತಾನೆ, ಅಷ್ಟು ನೆನಪಿಡಿ. ರಿಯಲ್ ದೆಲ್ ಮೊಂಟೆಯ ಗುಡ್ಡದ ಮೇಲೆ ಇಂಗ್ಲಿಷರ ಸ್ಮಶಾನ ಈಗಲೂ ಇದೆ. ಆ ಊರಿನ ಜನ ಈಗಲೂ ಪೇಸ್ಟಿ ಮಾಡುತ್ತಾರೆ, ‘ಪಾಸ್ತೆ’ ಎಂಬ ಹೆಸರಿನಲ್ಲಿ.

ದಕ್ಷಿಣ ಆಫ್ರಿಕಾಕ್ಕೆ ಒಂದೇ ಮಾತು: ಆಸ್ತಿ ವಿಲೇವಾರಿ ಕಡತದಲ್ಲಿರುವ ‘ಡೆತ್ ನೋಟಿಸ್’ ಹುಡುಕಿ. ತಂದೆ ತಾಯಿ, ಹುಟ್ಟಿದ ಜಾಗ, ಮಕ್ಕಳ ಹೆಸರಿಗೆ ಅದರಲ್ಲಿ ಜಾಗವಿದೆ.

ಕೋಲಾರದ ಕವಲು

1824ರಲ್ಲಿ ರಿಯಲ್ ದೆಲ್ ಮೊಂಟೆ ಕಂಪನಿ ಕಟ್ಟಿದವರಲ್ಲಿ ಮುಖ್ಯನಾದವನು ಜಾನ್ ಟೇಲರ್. ಗ್ವೆನಪ್‌ನ ದೊಡ್ಡ ತಾಮ್ರದ ಗಣಿಯನ್ನು ನಡೆಸಿದವನೂ ಅವನೇ. ಅವನು ಶುರು ಮಾಡಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರಲ್ಲಿ ಕೋಲಾರಕ್ಕೆ ಬಂತು. ಜೊತೆಗೆ ಕಾರ್ನಿಷ್ ಗಣಿ ಕ್ಯಾಪ್ಟನ್‌ಗಳೂ ಬಂದರು. ಅವರು ಮೇಲ್ವಿಚಾರಕರು. ಬಂಡೆಯ ಆಳದಲ್ಲಿ ಮೈ ಸವೆಸಿದ ಸಾವಿರಾರು ಜನ ತಮಿಳು, ತೆಲುಗು ಮನೆತನಗಳವರು, ಅವರ ವಂಶಾವಳಿಯೂ ಬರೆಯಬೇಕಾದದ್ದೇ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು.

ಕೋಲಾರದ ಕಾರ್ನಿಷ್ ಹೆಸರುಗಳನ್ನು ಹುಡುಕಲು ಭಾರತದ ಜನಗಣತಿ ನೆರವಿಗೆ ಬರುವುದಿಲ್ಲ, ಮನೆಮನೆಯ ಹಾಳೆಗಳನ್ನು ಇಟ್ಟಿಲ್ಲ. ಚರ್ಚಿನ ದೀಕ್ಷಾಸ್ನಾನ, ಮದುವೆ, ಮಣ್ಣುಮಾಡಿದ ವಿವರಗಳ ಪ್ರತಿ ಲಂಡನ್‌ಗೆ ಹೋಗುತ್ತಿತ್ತು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದರಾಸಿನ ಸರಣಿಯ ಗುರುತು ಎನ್/2, ಮೊದಲು ಅದನ್ನೇ ನೋಡಿ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸೂಚಿಯಲ್ಲಿ ಉಚಿತವಾಗಿ ಹುಡುಕಬಹುದು. ಥ್ಯಾಕರ್ಸ್ ಡೈರೆಕ್ಟರಿಯಲ್ಲಿ ಯಾರು ಎಲ್ಲಿ ಕೆಲಸದಲ್ಲಿದ್ದರು ಎಂಬುದು ವರ್ಷವರ್ಷಕ್ಕೂ ಇದೆ. ಇನ್ನೊಂದು ದಾರಿ ಇಂಗ್ಲೆಂಡಿನ 1858ರಿಂದ ಈಚಿನ ಪ್ರೊಬೇಟ್ ಕ್ಯಾಲೆಂಡರ್, ಅಂದರೆ ಕೋರ್ಟು ಒಪ್ಪಿದ ಉಯಿಲುಗಳ ವರ್ಷವಾರು ಪಟ್ಟಿ. ಊರಲ್ಲಿ ಸ್ವಲ್ಪ ಆಸ್ತಿ ಬಿಟ್ಟು ಇಲ್ಲಿ ತೀರಿಕೊಂಡವರ ಹೆಸರು ಅದರಲ್ಲಿ ಬರುತ್ತದೆ. ಸತ್ತ ಜಾಗ ಕೆ.ಜಿ.ಎಫ್.ನ ಊರ್ಗಾಂ, ಆಸ್ತಿ ಹೋದದ್ದು ಕ್ಯಾಂಬೋರ್ನ್‌ನ ಹೆಂಡತಿಗೆ, ಹೀಗೆ ಎರಡು ತುದಿಯೂ ಒಂದೇ ಸಾಲಿನಲ್ಲಿ ಸಿಗಬಹುದು.

ಸಿಕ್ಕಿತು ಅನ್ನುವ ಮೊದಲು

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಆಂಟಿಯ ಮುತ್ತಾತನ ಹೆಸರಿನ ಹುಡುಗ ಸರಿಯಾದ ಊರಿನಲ್ಲಿ, ಸರಿಯಾದ ವರ್ಷದಲ್ಲಿ ಹುಟ್ಟಿದ್ದು ಸಿಕ್ಕಿತು. ತಂದೆ ಗಣಿಗಾರ. ಖುಷಿಯಲ್ಲಿ ಅವನ ಹಿಂದಿನ ಮೂರು ತಲೆಮಾರು ಹುಡುಕಿ ಬರೆದೆ. ಎರಡು ತಿಂಗಳ ಕೆಲಸ. ಆಮೇಲೆ ಬೇರೇನೋ ನೋಡುವಾಗ ಅದೇ ಊರಿನ ಮಣ್ಣುಮಾಡಿದ ರಿಜಿಸ್ಟರ್‌ನಲ್ಲಿ ಅದೇ ಹೆಸರು ಕಂಡಿತು. ವಯಸ್ಸು 3. ನಾನು ಹಿಂಬಾಲಿಸಿದ್ದು ಕೋಲಾರಕ್ಕೆ ಎಂದೂ ಬರದ, ಮೂರನೇ ವರ್ಷಕ್ಕೇ ತೀರಿಕೊಂಡ ಮಗುವನ್ನು. ನಮ್ಮವನು ಅದೇ ಹೆಸರಿನ ದಾಯಾದಿ, ಒಂದು ವರ್ಷ ಚಿಕ್ಕವನು. ತಾಯಿಯ ತವರಿನ ಹೆಸರು ಅವನ ಮಗಳ ನಡುಹೆಸರಾಗಿ ಬೈಬಲ್‌ನ ಪುಟದಲ್ಲೇ ಇತ್ತು. ಮೊದಲೇ ಅದನ್ನು ನೋಡಿದ್ದರೆ ಸಾಕಿತ್ತು.

ಆವತ್ತಿನಿಂದ ನನ್ನ ಕ್ರಮ ಹೀಗೆ. ಒಂದು ಹುಟ್ಟು ಸಿಕ್ಕ ಕೂಡಲೇ ಅದೇ ಊರಿನ ಮುಂದಿನ ಹದಿನೈದು ವರ್ಷದ ಸಾವುಗಳನ್ನು ನೋಡುತ್ತೇನೆ. ಆಮೇಲೆ ಅದೇ ಹೆಸರಿನವನು ಊರಲ್ಲೇ ಮದುವೆಯಾಗಿ ಉಳಿದನೇ ಎಂದು ಮುಂದಿನ ಜನಗಣತಿಯಲ್ಲಿ ನೋಡುತ್ತೇನೆ. ಊರಲ್ಲೇ ಉಳಿದವನು ಕೋಲಾರದಲ್ಲಿ ಇರಲಾರ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯ ಎಂಬುದೂ ನೆನಪಿರಲಿ. 1752ಕ್ಕಿಂತ ಹಿಂದೆ ಹೋದರೆ ಇನ್ನೊಂದು ಎಚ್ಚರ ಬೇಕು. ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1720ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕಕ್ಕೆ 1721.

ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ಕಾಗದದ ದಾರಿ ಮುಗಿದ ಮೇಲೆ ಮಾಡಿಸಿ. ಒಂದೇ ಹೆಸರಿನ ಎರಡು ಕವಲು ಒಂದೇ ಬೇರಿನದೋ ಎಂದು ತಿಳಿಯಲು ಗಂಡಸರ ವೈ ಡಿಎನ್‌ಎ ಪರೀಕ್ಷೆ ಉಪಯುಕ್ತ. ತಂದೆಯಿಂದ ಮಗನಿಗೆ ಅಡ್ಡಹೆಸರು ಬಂದ ದಾರಿಯಲ್ಲೇ ಅದೂ ಬರುತ್ತದೆ. ಇಬ್ಬರೂ ಒಪ್ಪಿ ಮಾಡಿಸಬೇಕು, ಮನೆಯವರಿಗೆ ಬೇಡದ ಸುದ್ದಿಯೂ ಬರಬಹುದು ಎಂದು ಮೊದಲೇ ಹೇಳಬೇಕು.

ನಂಟರು ಸಿಕ್ಕ ಮೇಲೆ

ಹೊಸ ನಂಟರಿಗೆ ಬರೆಯುವ ಮೊದಲ ಪತ್ರ ಚಿಕ್ಕದಾಗಿರಲಿ. ನೀವು ಯಾರು, ಯಾವ ಹಿರಿಯರ ಮೂಲಕ ನಂಟು, ಅದಕ್ಕೆ ಯಾವ ದಾಖಲೆ ಎಂದು ಹೇಳಿ. ಒಂದು ಪ್ರಶ್ನೆ ಮಾತ್ರ ಕೇಳಿ. ಬದುಕಿರುವವರ ಹುಟ್ಟಿದ ದಿನ, ವಿಳಾಸ ಕೇಳಬೇಡಿ, ಯಾವ ಆನ್‌ಲೈನ್ ಮರದಲ್ಲೂ ಹಾಕಬೇಡಿ. ಅಡ್ಡಹೆಸರೊಂದನ್ನೇ ಹಿಡಿದು ಎಲ್ಲ ಕವಲು ಸೇರಿಸುವ ಆಸೆಯಿದ್ದರೆ 1979ರಿಂದ ಇರುವ ಗಿಲ್ಡ್ ಆಫ್ ಒನ್ ನೇಮ್ ಸ್ಟಡೀಸ್‌ನಲ್ಲಿ ನಿಮ್ಮ ಹೆಸರನ್ನು ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ನೋಡಿ. ಟ್ರೂರೋದಲ್ಲಿರುವ ಕಾರ್ನ್‌ವಾಲ್ ಫ್ಯಾಮಿಲಿ ಹಿಸ್ಟರಿ ಸೊಸೈಟಿಯವರಿಗೂ ಬರೆಯಿರಿ. ನಿಮ್ಮ ಬಳಿ ಇರುವ ಕೋಲಾರದ ಮಾಹಿತಿ ಅವರ ಬಳಿ ಇಲ್ಲದೇ ಇರಬಹುದು.

ಗೋರಿಯ ಫೋಟೋ ತೆಗೆಯುವವರಿಗೆ ಒಂದು ಮಾತು. ಕಲ್ಲನ್ನು ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ, ಸೀಮೆಸುಣ್ಣ ತುಂಬಬೇಡಿ. ಬೆಳಗಿನ ಹೊತ್ತು ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ಮಧ್ಯಾಹ್ನ ಕಾಣದ ಅಕ್ಷರಗಳು ಎದ್ದು ಕಾಣುತ್ತವೆ. ಬಿಸಿಲು ಸಾಲದಿದ್ದರೆ ಪಕ್ಕದಿಂದ ಕನ್ನಡಿ ಹಿಡಿಯಿರಿ. ಆಂಟಿ ಮತ್ತು ನಾನು ಏಳು ಗಂಟೆಗೇ ಹೋಗಿದ್ದೆವು. ಅವರು ಮನೆಯ ಮುಖ ನೋಡುವ ಕನ್ನಡಿ ತಂದಿದ್ದರು. ನಾನು ಅದನ್ನು ಓರೆ ಮಾಡಿ ಹಿಡಿದೆ. ಹೆಸರು, ವರ್ಷ, ಕೆಳಗೆ ಒಂದು ಸಾಲು. ಆಂಟಿ ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಊರಿನ ಹೆಸರು ಓದಿದರು. ಆ ಫೋಟೋವನ್ನು ಅದೇ ವಾರ ಕಾರ್ನ್‌ವಾಲ್‌ಗೆ ಕಳಿಸಿದೆವು.